ಮಕ್ಕಳ ಜೊತೆ ಬಾರ್ಸಿಲೋನಾ: ಮೊದಲು ಊಟದ ಹೊತ್ತು ಬದಲಿಸಿ

ಬಾರ್ಸಿಲೋನಾದ ಗ್ರಾಸಿಯಾ ಬಡಾವಣೆಯ ಚೌಕಗಳಲ್ಲಿ ರಾತ್ರಿ ಒಂಬತ್ತಾದರೂ ಮಕ್ಕಳು ಚೆಂಡಾಡುತ್ತಿರುತ್ತಾರೆ, ಅಪ್ಪ ಅಮ್ಮ ಪಕ್ಕದ ಮೇಜಿನಲ್ಲಿ ಹರಟುತ್ತಿರುತ್ತಾರೆ. ಆ ಗದ್ದಲ ನನಗೆ ತುಂಬ ಇಷ್ಟ. ಆದರೆ ಅದನ್ನು ಅನುಭವಿಸಬೇಕಾದರೆ ಊರಿನ ಹೊತ್ತಿಗೆ ನಾವು ಒಗ್ಗಬೇಕು. ಅಲ್ಲಿ ಮಧ್ಯಾಹ್ನದ ಊಟ ಒಂದೂವರೆಯ ಮೇಲೆ, ರಾತ್ರಿಯದು ಎಂಟೂವರೆಯ ಮೇಲೆ. ಹಸಿದ ಮಗುವನ್ನು ಏಳಕ್ಕೇ ಕರೆದೊಯ್ದರೆ ಎಷ್ಟೋ ಕಡೆ ಒಲೆಯೇ ಹಚ್ಚಿರುವುದಿಲ್ಲ. ಹಾಗಾಗಿ ಬೆಳಗ್ಗೆ ನೋಡಲು ಒಂದೇ ದೊಡ್ಡ ಜಾಗ, ಮಧ್ಯಾಹ್ನ ಹೊಟ್ಟೆತುಂಬ 'ಮೆನು ದೆಲ್ ದಿಯಾ' (ಒಂದೇ ಬೆಲೆಗೆ ಸಿಗುವ ಆ ದಿನದ ಊಟ, ವಾರದ ದಿನಗಳಲ್ಲಿ ಅಗ್ಗ), ಐದರವರೆಗೆ ಕೋಣೆಯಲ್ಲಿ ನಿದ್ದೆ, ಎದ್ದ ಮೇಲೆ ತಿಂಡಿ ತಿನ್ನಿಸಿ ಚೌಕಕ್ಕೆ. ಇದೇ ನನ್ನ ಕ್ರಮ.

ಗೌಡಿ ಎಂಬ ವಾಸ್ತುಶಿಲ್ಪಿಯ ಹೆಸರಾಂತ ಚರ್ಚು ಸಗ್ರಾದಾ ಫಮಿಲಿಯಾಗೆ ಟಿಕೆಟ್ ಮೊದಲೇ ಆನ್‌ಲೈನಿನಲ್ಲಿ ತೆಗೆದುಕೊಳ್ಳಿ. 11 ತುಂಬದ ಮಕ್ಕಳಿಗೆ ದುಡ್ಡಿಲ್ಲ, ಆದರೂ ಅವರ ಹೆಸರಿಗೂ ಟಿಕೆಟ್ ಬೇಕು. 6 ತುಂಬದವರನ್ನು ಗೋಪುರಕ್ಕೆ ಬಿಡುವುದಿಲ್ಲ. ಬೆಳಗಿನ ಬಿಸಿಲು ಪೂರ್ವದ ಗಾಜುಗಳಿಂದ ನೀಲಿ, ಹಸಿರಾಗಿ ನೆಲಕ್ಕೆ ಬೀಳುತ್ತದೆ. ಪುಟ್ಟ ಮಕ್ಕಳು ಆ ಬಣ್ಣದ ಮೇಲೆ ಕಾಲಿಟ್ಟು ಕಾಲಿಟ್ಟು ನೋಡುತ್ತಾರೆ. ಸಂಜೆ ಪಶ್ಚಿಮದ ಕೆಂಪು, ಕಿತ್ತಳೆಯ ಸರದಿ.

ಗುಡ್ಡದ ಮೇಲೆ ಗೌಡಿಯೇ ರೂಪಿಸಿದ ಉದ್ಯಾನ ಪಾರ್ಕ್ ಗುಯೆಲ್‌ಗೆ ಮೆಟ್ರೋದ ವಾಯ್‌ಕಾರ್ಕಾ ನಿಲ್ದಾಣದಿಂದ ಹೋದರೆ ಏರಿನಲ್ಲಿ ಎಸ್ಕಲೇಟರ್ ಸಿಗುತ್ತವೆ, ನಡುನಡುವೆ ಮೆಟ್ಟಿಲೂ ಇವೆ. ತಳ್ಳುಗಾಡಿಯ ಮಗುವಿದ್ದರೆ ಕತಲೂನ್ಯಾ ಚೌಕದಿಂದ 24ನೇ ನಂಬರಿನ ಬಸ್ಸೇ ಸರಿ.

ಮೆಟ್ರೋ, ಬಸ್ಸಿನ ಟಿಕೆಟಿನಲ್ಲಿ ಎಡವುವವರು ಹೆಚ್ಚು. 10 ಪ್ರಯಾಣದ 'ಟಿ-ಕ್ಯಾಜುವಲ್' ಒಬ್ಬರಿಗೆ ಮಾತ್ರ. ಒಂದೇ ಕಾರ್ಡಿನಲ್ಲಿ ಇಡೀ ಸಂಸಾರ ಹೋಗುವಂತಿಲ್ಲ. 'ಟಿ-ಫಮಿಲಿಯಾರ್'ನಲ್ಲಿ 8 ಪ್ರಯಾಣ, 30 ದಿನ ವಾಯಿದೆ, ಎಲ್ಲರೂ ಹಂಚಿಕೊಳ್ಳಬಹುದು. ಒಬ್ಬೊಬ್ಬರಿಗೂ ಒಂದೊಂದು ಸಲ ತೋರಿಸಿ ಗೇಟು ದಾಟಿಸಬೇಕು, ಅಂದರೆ ನಾಲ್ವರಿಗೆ ಹೋಗಿಬರುವಷ್ಟರಲ್ಲಿ ಖಾಲಿ. 4 ತುಂಬದವರಿಗೆ ಟಿಕೆಟ್ ಬೇಡ.

ಸಸ್ಯಾಹಾರಿಗಳು ಒಂದು ನೆನಪಿಡಿ: 'ವೆಜೆತಾಲ್' ಸ್ಯಾಂಡ್‌ವಿಚ್‌ನಲ್ಲಿ ಟ್ಯೂನಾ ಮೀನು, ಮೊಟ್ಟೆ ಇರುವುದು ಮಾಮೂಲು. ಕ್ರೊಕೆಟ್ ಎಂಬ ಕರಿದ ಉಂಡೆಗಳಲ್ಲಿ ಹೆಚ್ಚಾಗಿ ಹಂದಿಮಾಂಸ. ಪಾಲಕಿನ ಪಲ್ಯಕ್ಕೂ ಕೆಲವು ಕಡೆ ಅದನ್ನೇ ಬೆರೆಸುತ್ತಾರೆ. ನಂಬಬಹುದಾದದ್ದು 'ಪಾ ಅಂಬ್ ತುಮಾಕೆಟ್': ಸುಟ್ಟ ಬ್ರೆಡ್ಡಿಗೆ ಹಣ್ಣು ಟೊಮೆಟೊ ಉಜ್ಜಿ, ಆಲಿವ್ ಎಣ್ಣೆ, ಉಪ್ಪು. ಮಕ್ಕಳು ತಾವೇ ಉಜ್ಜಿಕೊಂಡು ತಿನ್ನುತ್ತಾರೆ. ಜೊತೆಗೆ ಸುಟ್ಟ ಬದನೆಕಾಯಿ, ದೊಣ್ಣೆಮೆಣಸಿನಕಾಯಿಯ ಎಸ್ಕಲಿವಾದಾ ಹೇಳಿ.

ಊರ ನಡುವಿನ ಜನನಿಬಿಡ ಬೀದಿ ಲಾ ರಾಂಬ್ಲಾ ಮತ್ತು ಮೆಟ್ರೋದಲ್ಲಿ ಜೇಬುಗಳ್ಳರ ಕಾಟ ನಿಜ. ಫೋನನ್ನು ಮೇಜಿನ ಮೇಲಿಡಬೇಡಿ, ಪಾಸ್‌ಪೋರ್ಟ್ ಇರುವ ಚೀಲವನ್ನು ಎದೆಗೇ ಹಾಕಿಕೊಳ್ಳಿ.

ವಾಪಸಾಗುವಾಗ ವಿಮಾನ ನಿಲ್ದಾಣದ ಮೆಟ್ರೋಗೆ 'ಟಿ-ಕ್ಯಾಜುವಲ್' ನಡೆಯದು, ಆರ್2 ನೋರ್ಡ್ ರೈಲಿಗೆ ನಡೆಯುತ್ತದೆ. ಅದು ಎರಡನೇ ಟರ್ಮಿನಲ್‌ಗೆ ಬಿಡುತ್ತದೆ. ಒಂದನೆಯದಕ್ಕೆ ಅಲ್ಲಿಂದ ಉಚಿತ ಬಸ್ಸಿದೆ, ಆ ಹೊತ್ತನ್ನೂ ಲೆಕ್ಕಕ್ಕೆ ಹಿಡಿದು ಹೊರಡಿ.