ಸ್ಲೀವ್ ಆಪರೇಷನ್ ಆದ ಮೇಲೆ ಊಟದ ಕ್ರಮ: ಎಡವುವುದು ಐದನೇ ವಾರದಲ್ಲಿ

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದವರು ಮೊದಲ ಹದಿನೈದು ದಿನ ಸಾಮಾನ್ಯವಾಗಿ ತಪ್ಪು ಮಾಡುವುದಿಲ್ಲ. ಹೆದರಿಕೆ ಇರುತ್ತದೆ, ಹಸಿವು ಇರುವುದಿಲ್ಲ, ಮನೆಯವರ ಕಾವಲೂ ಇರುತ್ತದೆ. ಎಡವಟ್ಟಾಗುವುದು ಐದನೇ ವಾರ ಗಟ್ಟಿ ಊಟ ತಟ್ಟೆಗೆ ಬಂದಾಗ. ಆರು ತಿಂಗಳ ಮೇಲೆ ಇನ್ನೊಂದು ಸಲ.

ಇಲ್ಲಿ ಹೇಳಿರುವುದು ಮುಖ್ಯವಾಗಿ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಆದವರಿಗೆ. ಇದರಲ್ಲಿ ಜಠರದ ಶೇ 75–80 ಭಾಗ ತೆಗೆದು ಸಣ್ಣ ಕೊಳವೆಯಷ್ಟನ್ನೇ ಉಳಿಸುತ್ತಾರೆ. ಅದರಲ್ಲಿ ಹಿಡಿಯುವುದು 100ರಿಂದ 150 ಮಿ.ಲೀ. ಬೈಪಾಸ್, ಅಂದರೆ ಜಠರದ ಮೇಲ್ಭಾಗವನ್ನು ಪುಟ್ಟ ಚೀಲ ಮಾಡಿ ನೇರ ಸಣ್ಣಕರುಳಿಗೆ ಜೋಡಿಸುವ ಇನ್ನೊಂದು ತೂಕ ಇಳಿಸುವ ಆಪರೇಷನ್, ಆದವರಿಗೆ ಬೇರೆಯಾಗುವ ಕಡೆ ಹೇಳಿದ್ದೇನೆ. ವಾರಗಳ ಲೆಕ್ಕ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಥರ ಇರುತ್ತದೆ. ನಿಮ್ಮ ಡಯಟೀಷಿಯನ್ ಕೊಟ್ಟ ಚೀಟಿಯಲ್ಲಿ ಇದಕ್ಕಿಂತ ಬೇರೆ ಇದ್ದರೆ ಚೀಟಿಯದ್ದೇ ಸರಿ.

ಮೊದಲ ಎರಡು ವಾರ

ಎಲ್ಲ ದ್ರವವೇ: ಸೋಸಿದ ಬೇಳೆಕಟ್ಟು, ನೀರು ಮಜ್ಜಿಗೆ, ಎಳನೀರು, ಆಮೇಲೆ ಕೆನೆ ತೆಗೆದ ಹಾಲು, ಪ್ರೋಟೀನ್ ಪುಡಿ. ಟಾನಿಕ್ ಬಾಟಲಿಯ ಮುಚ್ಚಳದಂಥ 30 ಮಿ.ಲೀ. ಅಳತೆ ಇಟ್ಟುಕೊಂಡು ಕಾಲು ಗಂಟೆಗೊಮ್ಮೆ ಗುಟುಕರಿಸಿದರೆ ಹನ್ನೆರಡು ಗಂಟೆಯಲ್ಲಿ ಹೆಚ್ಚುಕಡಿಮೆ ಒಂದೂವರೆ ಲೀಟರ್ ಆಗುತ್ತದೆ. ಸ್ಟ್ರಾ ಬೇಡ, ಗಾಳಿ ಒಳಗೆ ಹೋಗುತ್ತದೆ. ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆಗಳನ್ನು ಹಳೇ ಪ್ರಮಾಣದಲ್ಲೇ ನುಂಗಬೇಡಿ, ಡಿಸ್ಚಾರ್ಜ್ ಆಗುವ ದಿನವೇ ಹೊಸ ಪ್ರಮಾಣ ಬರೆಸಿಕೊಳ್ಳಿ.

ಮೂರು, ನಾಲ್ಕನೇ ವಾರ

ಈಗ ಊಟ ಮಿಕ್ಸಿಯಲ್ಲಿ ನುಣ್ಣಗಾಗಿ ಬರುತ್ತದೆ. ಗಂಟಿಲ್ಲದ ತೊವ್ವೆ, ಮೊಸರು, ರುಬ್ಬಿದ ಪನೀರ್. ಈ ಹೊತ್ತಿಗೆ ತೂಕ ಇಳಿಯುವುದು ಒಂದೆರಡು ವಾರ ನಿಂತುಬಿಡುವುದು ಮಾಮೂಲು. ಗಾಬರಿಯಾಗಿ ಮತ್ತೆ ಬರೀ ನೀರಿಗೆ ಇಳಿಯಬೇಡಿ.

ಐದನೇ ವಾರದಿಂದ: ತುತ್ತು, ನೀರು, ನಿಲ್ಲಿಸುವುದು

ನಿಧಾನವಾಗಿ ಓದಬೇಕಾದ್ದು ಇದನ್ನು.

ತಟ್ಟೆ ತೆಗೆದಿಟ್ಟು ಚಟ್ನಿ ಬಟ್ಟಲು ತನ್ನಿ. ಒಂದು ಹೊತ್ತಿಗೆ ಕಾಲು ಕಪ್, ಅಂದರೆ 60 ಮಿ.ಲೀ.ಯಷ್ಟು ಬಡಿಸಿಕೊಂಡು ಶುರು ಮಾಡಿ. ಪಾತ್ರೆಯಿಂದ ನೇರವಾಗಿ ತಿನ್ನುವುದು ಬೇಡವೇ ಬೇಡ. ತುತ್ತು ಕಡಲೆಕಾಳಿನಷ್ಟಿರಲಿ. ಬಾಯಲ್ಲೇ ಪೇಸ್ಟ್ ಆಗುವವರೆಗೆ, ಇಪ್ಪತ್ತು ಇಪ್ಪತ್ತೈದು ಸಲ, ಅಗಿಯಿರಿ. ನುಂಗಿದ ಮೇಲೆ ಚಮಚ ಕೆಳಗಿಟ್ಟು ಅರ್ಧ ನಿಮಿಷ ಬಿಟ್ಟು ಮುಂದಿನ ತುತ್ತು. ಇಷ್ಟೇ ಊಟಕ್ಕೆ 20ರಿಂದ 30 ನಿಮಿಷ ಬೇಕು. ಅದಕ್ಕಿಂತ ಬೇಗ ಮುಗಿದರೆ ಆತುರಪಟ್ಟಿದ್ದೀರಿ. ಅರ್ಧ ಗಂಟೆ ದಾಟಿದರೆ ಉಳಿದದ್ದನ್ನು ಎತ್ತಿಡಿ. ಎದುರಿಗೆ ಟಿ.ವಿ. ಇದ್ದರೆ ಇದೊಂದೂ ಆಗುವುದಿಲ್ಲ.

ಹೊಟ್ಟೆ ತುಂಬಿದ ಗುರುತು ಈಗ ಬೇರೆ. ಎದೆಗೂಡಿನ ಕೆಳಗೆ ಒತ್ತಿದಂತಾಗುತ್ತದೆ, ಬಿಕ್ಕಳಿಕೆ ಬರುತ್ತದೆ, ಕೆಲವರಿಗೆ ಮೂಗು ಸೋರುತ್ತದೆ. ಇದರಲ್ಲಿ ಮೊದಲು ಯಾವುದು ಕಂಡರೂ ಅಲ್ಲಿಗೇ ನಿಲ್ಲಿಸಿ. ವಾಂತಿಯಾಗುವುದು ‘ಇದೊಂದು ತುತ್ತು ಯಾಕೆ ಬಿಡಬೇಕು’ ಎಂದು ಬಾಯಿಗೆ ಹಾಕಿಕೊಂಡ ಆ ತುತ್ತಿನಿಂದಲೇ. ಸಿಕ್ಕಿಕೊಂಡಂತಾಗಿ ಬಾಯಲ್ಲಿ ನೀರೂರತೊಡಗಿದರೆ ಎದ್ದು ಮೆಲ್ಲಗೆ ಓಡಾಡಿ. ನೀರು ಕುಡಿದು ಕೆಳಗೆ ದೂಡಲು ಹೋಗಬೇಡಿ. ಸಿಕ್ಕಿದ ಜಾಗದ ಮೇಲೆ ನೀರು ನಿಂತು, ಎರಡೂ ಸೇರಿ ಮೇಲೆ ಬರುತ್ತವೆ.

ಊಟಕ್ಕೆ ಕಾಲು ಗಂಟೆ ಮೊದಲು ನೀರು ನಿಲ್ಲಿಸಿ, ಮುಗಿದ ಅರ್ಧ ಗಂಟೆಯ ನಂತರ ಮತ್ತೆ ಶುರು ಮಾಡಿ. ಊಟದ ಜತೆ ನೀರು ಹೋದರೆ ಪುಟ್ಟ ಕೊಳವೆಯಲ್ಲಿ ಊಟಕ್ಕೆ ಜಾಗ ಇರುವುದಿಲ್ಲ. ತಿಂಗಳುಗಳು ಕಳೆದ ಮೇಲೆ ಅದೇ ನೀರು ಊಟವನ್ನು ಬೇಗ ಕೆಳಗಿಳಿಸಿ ಬೇಗ ಹಸಿವು ತರಿಸುತ್ತದೆ. ಲೋಟ ಮುಟ್ಟದೆ ಕೂತವರೂ ಇಲ್ಲಿ ತಪ್ಪುತ್ತಾರೆ. ಅನ್ನಕ್ಕೆ ತಿಳಿಸಾರು ಸುರಿದು ಕಲಸಿಕೊಂಡರೆ, ಮಜ್ಜಿಗೆ ಅನ್ನ ತೆಳ್ಳಗೆ ಮಾಡಿಕೊಂಡರೆ ಅದೂ ನೀರೇ.

ಮುದ್ದೆಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಬೇಸರವಾಗಬಹುದು. ಮುದ್ದೆ ಅಗಿಯುವುದಲ್ಲ, ಸಾರಿನಲ್ಲಿ ಅದ್ದಿ ನುಂಗುವುದು ಎಂದು ಕಲಿತ ಬಾಯಿ ನಮ್ಮದು. ಹೊಸ ಜಠರಕ್ಕೆ ಆಗದೇ ಇರುವುದು ಅದೇ ಅಭ್ಯಾಸ. ಮೂರು ತಿಂಗಳು ಮುದ್ದೆ ಬಿಡುವುದು ಒಳ್ಳೆಯದು. ಚಪಾತಿ, ಬ್ರೆಡ್ಡು ಒಳಗೆ ಹೋಗಿ ಹಿಟ್ಟಿನುಂಡೆಯಾಗುತ್ತವೆ, ಅವೂ ಅಷ್ಟೇ. ಅನ್ನ ಒಂದೆರಡು ಚಮಚದಿಂದ ಶುರು, ಅದೂ ಮೆತ್ತಗೆ ಬೆಂದದ್ದು. ಮಾಂಸ ತಿನ್ನುವವರು ಮೀನು, ಖೀಮಾದಿಂದ ಆರಂಭಿಸಿ. ನಿನ್ನೆಯ ಚಿಕನ್ ಪೀಸನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ತಿಂದರೆ ನಾರು ಒಣಗಿರುತ್ತದೆ, ಸಿಕ್ಕಿಕೊಳ್ಳುವುದು ಖಾತ್ರಿ.

ಹೊಸ ಪದಾರ್ಥ ದಿನಕ್ಕೆ ಒಂದೇ, ಅದೂ ಮಧ್ಯಾಹ್ನ. ರಾತ್ರಿ ಪ್ರಯೋಗ ಮಾಡಿ ಮಲಗಿದರೆ ನಿದ್ದೆ ಇಲ್ಲ. ಒಂದು ಸಲ ಒಗ್ಗದ್ದನ್ನು ಎರಡು ವಾರ ಬಿಟ್ಟು ಮತ್ತೆ ನೋಡಿ, ಜನ್ಮಕ್ಕೇ ಬಿಡಬೇಕಾಗಿಲ್ಲ.

ವಾಂತಿ ಎರಡು ಮೂರು ದಿನ ನಿಲ್ಲದಿದ್ದರೆ ಮನೆಮದ್ದು ಬೇಡ. ಹೀಗೆ ವಾಂತಿಯಾಗುವವರಲ್ಲಿ ಥಯಾಮಿನ್, ಅಂದರೆ ಬಿ1, ಬೇಗ ಖಾಲಿಯಾಗಿ ನರಗಳಿಗೆ ಏಟು ಬೀಳುತ್ತದೆ. ಊರಿನ ಕ್ಲಿನಿಕ್‌ನಲ್ಲಿ ಸುಸ್ತಿಗೆಂದು ಗ್ಲೂಕೋಸ್ ಡ್ರಿಪ್ ಹಾಕಿಸುವ ಮುಂಚೆ ‘ನನಗೆ ಬೇರಿಯಾಟ್ರಿಕ್ (ತೂಕ ಇಳಿಸುವ) ಆಪರೇಷನ್ ಆಗಿದೆ, ಮೊದಲು ಥಯಾಮಿನ್ ಕೊಡಿ’ ಎಂದು ಬಾಯಿಬಿಟ್ಟು ಹೇಳಿ. ಬಿ1 ಇಲ್ಲದೆ ಬರೀ ಗ್ಲೂಕೋಸ್ ಹೋದರೆ ತೊಂದರೆ ಹೆಚ್ಚುತ್ತದೆ.

ಪ್ರೋಟೀನ್ ಲೆಕ್ಕ

ದಿನಕ್ಕೆ ಕನಿಷ್ಠ 60 ಗ್ರಾಂ. ಬಟ್ಟಲಲ್ಲಿ ಪ್ರೋಟೀನ್ ಮೊದಲು, ತರಕಾರಿ ಆಮೇಲೆ, ಜಾಗ ಉಳಿದರೆ ಅನ್ನ. ಗಟ್ಟಿ ಊಟ ಚೆನ್ನಾಗಿ ಒಗ್ಗಿದ ಮೇಲೆ ಸಸ್ಯಾಹಾರಿಗಳ ಒಂದು ದಿನ ಹೀಗಿರಬಹುದು: ಬೆಳಿಗ್ಗೆ 50 ಗ್ರಾಂ ಪನೀರ್ ಬುರ್ಜಿ (9 ಗ್ರಾಂ), ಹತ್ತೂವರೆಗೆ 150 ಮಿ.ಲೀ. ಹಾಲಿನಲ್ಲಿ ಒಂದು ಸ್ಕೂಪ್ ವೇ ಪುಡಿ, ಅಂದರೆ ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ (25), ಮಧ್ಯಾಹ್ನ ಗಟ್ಟಿ ತೊವ್ವೆಯ ಜತೆ ಒಂದಿಷ್ಟು ಪನೀರ್ (12), ಸಂಜೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು 100 ಗ್ರಾಂ (8), ರಾತ್ರಿ 15 ಗ್ರಾಂ ಒಣ ಸೋಯಾ ಚಂಕ್ಸ್ ನೆನೆಸಿ ಹಿಂಡಿ ಪುಡಿ ಮಾಡಿದ ಪಲ್ಯ (8). ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6 ಗ್ರಾಂ ಸಿಗುತ್ತದೆ.

ರಾಗಿ ಗಂಜಿಯನ್ನೇ ಪ್ರೋಟೀನ್ ಎಂದು ನಂಬಿದ ಮನೆಗಳು ಬಹಳ. ಸುಣ್ಣದಂಶಕ್ಕೆ ರಾಗಿ ಒಳ್ಳೆಯದೇ, ಆದರೆ 100 ಗ್ರಾಂ ಹಿಟ್ಟಿನಲ್ಲಿ ಪ್ರೋಟೀನ್ 7 ಗ್ರಾಂ ಮಾತ್ರ. ಎರಡು ಚಮಚದ ಗಂಜಿಯಿಂದ ಒಂದೋ ಎರಡೋ ಗ್ರಾಂ ಬಂದರೆ ಹೆಚ್ಚು.

ಪುಡಿ ಕೊಳ್ಳುವಾಗ ಡಬ್ಬಿಯ ಹಿಂಭಾಗ ಓದಿ: ಒಂದು ಸ್ಕೂಪಿಗೆ ಪ್ರೋಟೀನ್ 20 ಗ್ರಾಂಗಿಂತ ಹೆಚ್ಚು, ಸಕ್ಕರೆ 5 ಗ್ರಾಂಗಿಂತ ಕಡಿಮೆ ಇರಬೇಕು. ಕಿರಾಣಿ ಅಂಗಡಿಯ ಚಾಕೊಲೇಟ್ ರುಚಿಯ ‘ಹೆಲ್ತ್ ಡ್ರಿಂಕ್’ಗಳಲ್ಲಿ ಬಹುಪಾಲು ಮಾಲ್ಟ್ ಮತ್ತು ಸಕ್ಕರೆ, ಅದಕ್ಕೆ ದುಡ್ಡು ಹಾಕಬೇಡಿ. ವೇ ಪುಡಿಯನ್ನು ಕುದಿಯುವ ಹಾಲಿಗೆ ಸುರಿದರೆ ಗಂಟುಗಟ್ಟುತ್ತದೆ. ತಣ್ಣನೆಯ ಹಾಲಿನಲ್ಲಿ ಕಲಸಿಕೊಂಡು ಬೆಚ್ಚಗಿನ ಹಾಲಿಗೆ ಸೇರಿಸಿ.

ಮಾತ್ರೆಗಳು

ಜೀವನಪೂರ್ತಿ ಬೇಕು. ಕ್ಯಾಲ್ಸಿಯಂ ದಿನಕ್ಕೆ 1200–1500 ಮಿ.ಗ್ರಾಂ, ಒಮ್ಮೆಗೆ 500ಕ್ಕಿಂತ ಹೆಚ್ಚು ಬೇಡ, ಮೂರು ಸಲ. ಅಂಗಡಿಯವರು ಸಾಮಾನ್ಯವಾಗಿ ಕೊಡುವುದು ಕ್ಯಾಲ್ಸಿಯಂ ಕಾರ್ಬೊನೇಟ್. ನೀವು ‘ಸಿಟ್ರೇಟ್’ ಎಂದೇ ಕೇಳಿ. ಆಮ್ಲ ಕಡಿಮೆಯಾದ ಜಠರದಲ್ಲೂ ಅದು ಮೈಗೆ ಹತ್ತುತ್ತದೆ. ಐರನ್ ಮಾತ್ರೆ ಕ್ಯಾಲ್ಸಿಯಂನಿಂದ ಎರಡು ಗಂಟೆ ದೂರ ಇರಲಿ, ಕಾಫಿ ಟೀ ಹಾಲಿನ ಜತೆಯೂ ಬೇಡ. ಇವಲ್ಲದೆ ಬಿ12, ಡಿ3, ಮಲ್ಟಿವಿಟಮಿನ್. ಬಾಯಲ್ಲಿ ಕರಗುವ ಬಣ್ಣಬಣ್ಣದ ಗಮ್ಮಿಗಳಲ್ಲಿ ಬಹುಪಾಲು ಐರನ್ನೇ ಇರುವುದಿಲ್ಲ. ಮೂರನೇ ತಿಂಗಳಿನಿಂದ ಕೂದಲು ಉದುರಿದರೆ ಎಣ್ಣೆ ಬದಲಿಸುವ ಮೊದಲು ಪ್ರೋಟೀನ್, ಐರನ್ ಲೆಕ್ಕ ನೋಡಿ.

ಆರು ತಿಂಗಳ ಮೇಲೆ

ಹಸಿವು ನಿಧಾನವಾಗಿ ಮರಳುತ್ತದೆ. ತೂಕ ಮತ್ತೆ ಏರುವುದು ಊಟದಿಂದಲ್ಲ, ನೆಂಟರಿಗೆಂದು ತಂದಿಟ್ಟ ಮಿಕ್ಸ್‌ಚರ್, ಚಕ್ಕುಲಿ ಮತ್ತು ಟೀಗೆ ಅದ್ದಿದ ಬಿಸ್ಕತ್ತಿನಿಂದ. ಮೂರು ತುಂಡು ಪನೀರ್ ತಿಂದರೆ ‘ಸಾಕು’ ಅನ್ನಿಸುತ್ತದೆ. ಮಿಕ್ಸ್‌ಚರ್ ಹಾಗಲ್ಲ, ಪುಡಿಯಾಗಿ ಜಾರಿ ಹೋಗುತ್ತದೆ. 100 ಗ್ರಾಂ ಪೊಟ್ಟಣ, 500 ಕ್ಯಾಲರಿಗೂ ಮೇಲೆ, ಖಾಲಿಯಾದರೂ ತಡೆಯುವ ಗುರುತು ಕಾಣಿಸುವುದಿಲ್ಲ. ಅದಕ್ಕೇ ಹೊತ್ತು ಕಟ್ಟಿಕೊಳ್ಳಿ: ಮೂರು ಊಟ, ಎರಡು ತಿಂಡಿ, ನಡುವೆ ನೀರು ಮಾತ್ರ. ‘ಒಂದು ಹಿಡಿ ಅಷ್ಟೇ’ ಎನ್ನುವ ಲೆಕ್ಕವನ್ನು ನಂಬಬೇಡಿ, ಡಬ್ಬ ಮನೆಗೇ ಬರದಿರಲಿ.

ಮದುವೆ ಪಂಕ್ತಿ ಇನ್ನೊಂದು ಕಷ್ಟ. ಎರಡು ತುತ್ತು ಅಗಿಯುವಷ್ಟರಲ್ಲಿ ಸಾರಿನ ಬಕೆಟ್ ಬಂದಿರುತ್ತದೆ, ಪಕ್ಕದವರು ಏಳಲು ಕಾಯುತ್ತಿರುತ್ತಾರೆ. ಮನೆಯಲ್ಲೇ ಪ್ರೋಟೀನ್ ಮುಗಿಸಿ ಹೊರಡಿ. ಎಲೆಯಲ್ಲಿ ಕೋಸಂಬರಿ, ತೊವ್ವೆ, ಪಲ್ಯ ಸಾಕು. ಒತ್ತಾಯ ಮಾಡುವವರಿಗೆ ಆಪರೇಷನ್ ಕಥೆ ಹೇಳಬೇಕಿಲ್ಲ, ‘ಡಾಕ್ಟ್ರು ಬೇಡ ಅಂದಿದ್ದಾರೆ’ ಅಂದರೆ ಮಾತು ಮುಗಿಯುತ್ತದೆ. ಬೈಪಾಸ್ ಆದವರು ಒಬ್ಬಟ್ಟು, ಪಾಯಸದಿಂದ ದೂರವೇ ಇರಬೇಕು. ತಿಂದ ಅರ್ಧ ಗಂಟೆಯೊಳಗೆ ಎದೆ ಬಡಿತ, ಬೆವರು, ಹೊಟ್ಟೆ ನುಲಿತ, ಭೇದಿ ಶುರುವಾಗುತ್ತದೆ. ಒಂದರಿಂದ ಮೂರು ಗಂಟೆಯ ನಂತರ ಸಕ್ಕರೆ ಇಳಿದು ತಲೆ ತಿರುಗುವುದೂ ಉಂಟು. ಸ್ಲೀವ್‌ನವರಿಗೂ ಹೀಗಾಗಬಹುದು, ಕಡಿಮೆ ಮಂದಿಗೆ.

ಮೊದಲ ತಿಂಗಳು ಕಳೆದ ಮೇಲೆ ಸಕ್ಕರೆಯಿಲ್ಲದ ಬೈಟು ಕಾಫಿಗೆ ಅಡ್ಡಿಯಿಲ್ಲ. ಸೋಡಾ ಬೇಡ. ಮದ್ಯ ಮೊದಲಿಗಿಂತ ಬೇಗ, ಜೋರಾಗಿ ಏರುತ್ತದೆ. ಮೊದಲ ವರ್ಷ ಮುಟ್ಟಲೇಬೇಡಿ. ಬೈಪಾಸ್ ಆದವರು ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಿದರೆ ಹುಣ್ಣಾಗುವ ಅಪಾಯವಿದೆ. ಪ್ಯಾರಾಸಿಟಮಾಲ್ ಸಾಕೇ ಎಂದು ವೈದ್ಯರನ್ನು ಕೇಳಿ. ಗರ್ಭ ಧರಿಸುವ ಯೋಚನೆಯಿದ್ದರೆ 12ರಿಂದ 18 ತಿಂಗಳು ಮುಂದೂಡಿ.

ತೂಕ ವಾರಕ್ಕೊಮ್ಮೆ ನೋಡಿದರೆ ಸಾಕು. ರಕ್ತಪರೀಕ್ಷೆ 3, 6, 12ನೇ ತಿಂಗಳಲ್ಲಿ, ಆಮೇಲೆ ವರ್ಷಕ್ಕೊಮ್ಮೆ: ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಐರನ್‌ನ ಅಳತೆ), ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಪಿ.ಟಿ.ಎಚ್. (ಕ್ಯಾಲ್ಸಿಯಂ ಹತೋಟಿಯ ಹಾರ್ಮೋನ್), ಆಲ್ಬುಮಿನ್ (ರಕ್ತದ ಪ್ರೋಟೀನ್). ಲ್ಯಾಬಿನ ‘ಫುಲ್ ಬಾಡಿ ಪ್ಯಾಕೇಜ್’ನಲ್ಲಿ ಫೆರಿಟಿನ್, ಪಿ.ಟಿ.ಎಚ್. ಹಲವು ಸಲ ಸೇರಿರುವುದಿಲ್ಲ, ರಸೀದಿ ಹರಿಯುವ ಮುಂಚೆ ಕೇಳಿ ಬರೆಸಿ.