ಮೂರನೇ ಸಲಕ್ಕೆ ನೆಲೆ ನಿಂತಿತು: ನಮ್ಮ ಪತ್ರಿಕೆಗೆ ಓಜೆಎಸ್ ಹಾಕಿದ ನನ್ನ ಅನುಭವ

ನಮ್ಮದು ದಾವಣಗೆರೆಯಿಂದ ಬರುವ ಅರ್ಧವಾರ್ಷಿಕ ಸಂಶೋಧನ ಪತ್ರಿಕೆ. ಸ್ಥಳೀಯ ಇತಿಹಾಸ, ಶಾಸನ, ಜಾನಪದ, ಇಷ್ಟೇ ವಿಷಯ. ಹಿಂದಿನ ಐದು ಸಂಚಿಕೆಗಳ ಕೆಲಸ ಪೂರ್ತಿ ಓಜೆಎಸ್‌ನಲ್ಲೇ, ಅಂದರೆ ಪತ್ರಿಕೆ ನಡೆಸುವ ಸಾಫ್ಟ್‌ವೇರ್ ಆದ ಓಪನ್ ಜರ್ನಲ್ ಸಿಸ್ಟಮ್ಸ್‌ನಲ್ಲೇ ನಡೆದಿದೆ. ಲೇಖನ ಬರುವುದು, ವಿಷಯ ಬಲ್ಲವರ ಪರಿಶೀಲನೆಗೆ ಹೋಗುವುದು, ತಿದ್ದುಪಡಿ, ಪ್ರಕಟಣೆ, ಎಲ್ಲಾ ಅಲ್ಲೇ. "ಕನ್ನಡ ಪತ್ರಿಕೆಗೆ ಇದು ಆಗಲ್ಲ, ನಮ್ಮ ಮೇಷ್ಟ್ರುಗಳು ಲಾಗಿನ್ ಆಗೋರಲ್ಲ" ಎಂದು ಸಂಪಾದಕ ಮಂಡಳಿಯಲ್ಲೇ ಮೂರು ಜನ ಹೇಳಿದ್ದರು. ಈಗ ಅವರಲ್ಲಿ ಇಬ್ಬರು ಅದರಲ್ಲೇ ಕೆಲಸ ಮಾಡುತ್ತಿದ್ದಾರೆ.

ಮೊದಲ ಸಲ ಹಾಕಿದ್ದು 2016ರಲ್ಲಿ, 2.4 ಆವೃತ್ತಿ. ಒಬ್ಬರು ವೆಬ್‌ಸೈಟ್ ಮಾಡುವವರು ಸುಮಾರು 90 ಸಾವಿರ ಕೇಳಿದರು, ವರ್ಷಕ್ಕೆ ನಿರ್ವಹಣೆ ಬೇರೆ. ಸಾಫ್ಟ್‌ವೇರ್ ಪುಕ್ಕಟೆ ಸಿಗುವಾಗ ಅಷ್ಟು ಯಾಕೆ ಕೊಡಬೇಕು ಎಂದು ನಾನೇ ಕೂತೆ. ನಾಲ್ಕೂವರೆ ಸಾವಿರಕ್ಕೆ ಶೇರ್ಡ್ ಹೋಸ್ಟಿಂಗ್, ಅಂದರೆ ಹಲವರು ಹಂಚಿಕೊಳ್ಳುವ ಸರ್ವರ್‌ನಲ್ಲಿ ಜಾಗ, ಸಿಕ್ಕಿತು. ಡೇಟಾಬೇಸ್‌ನ ಕ್ಯಾರೆಕ್ಟರ್ ಸೆಟ್ (ಅಕ್ಷರ ಉಳಿಸುವ ಪದ್ಧತಿ) ಕನ್ನಡ ಹಿಡಿಯದ ಲ್ಯಾಟಿನ್‌ನಲ್ಲೇ ಇತ್ತು, ನಾನು ನೋಡಲಿಲ್ಲ. ನಲವತ್ತು ಚಿಲ್ಲರೆ ಲೇಖನಗಳ ಶೀರ್ಷಿಕೆ, ಸಾರಾಂಶ ಎಲ್ಲ ತುಂಬಿದ ಮೇಲೆ ತೆರೆದು ನೋಡಿದರೆ ಬರೀ ಪ್ರಶ್ನಾರ್ಥಕ ಚಿಹ್ನೆ! ಬ್ಯಾಕಪ್‌ನಲ್ಲೂ ಅದೇ. ಪ್ರಶ್ನಾರ್ಥಕ ಚಿಹ್ನೆಯಾಗಿ ಕೂತ ಅಕ್ಷರ ಮತ್ತೆ ಅಕ್ಷರ ಆಗುವುದಿಲ್ಲ. ಒಂದು ತಿಂಗಳ ರಾತ್ರಿಗಳು ಹೋದವು.

ಆ ಆವೃತ್ತಿಯಲ್ಲಿ ಇನ್ನೊಂದು ಕಾಟ ಇತ್ತು. ಲೇಖಕರಿಗೆ ಕೊನೆಯ ಹೆಸರು ಇರಲೇಬೇಕು. ನಮ್ಮ ಕಡೆ ಇನಿಷಿಯಲ್ ಮತ್ತು ಹೆಸರು, ಮುಗೀತು. ಕೊನೆಯ ಹೆಸರು ಎಲ್ಲಿಂದ ತರುವುದು? ಆ ಜಾಗಕ್ಕೆ ಚುಕ್ಕಿ ಹಾಕಿದೆ. ಸಂಶೋಧನ ಲೇಖನ ಹುಡುಕುವ ಗೂಗಲ್ ಸ್ಕಾಲರ್ ಅದನ್ನೇ ಹೆಸರು ಅಂದುಕೊಂಡಿತು. 3.1.2 ಆವೃತ್ತಿಯಿಂದ ಕುಟುಂಬದ ಹೆಸರು ಕಡ್ಡಾಯ ಇಲ್ಲ. ನನಗೆ ಹೊಸ ಆವೃತ್ತಿಯ ಬೇರೆಲ್ಲ ಅಲಂಕಾರಕ್ಕಿಂತ ಇದೇ ದೊಡ್ಡದು.

ಎರಡನೇ ಸಲ 2019ರಲ್ಲಿ. ಇದರ ತಪ್ಪು ಈಗಲೂ ನನ್ನನ್ನು ಚುಚ್ಚುತ್ತದೆ. ಲೇಖನಗಳ ಕಡತ ಕೂರುವ ಫೈಲ್ಸ್ ಫೋಲ್ಡರನ್ನು, ಹೊರಗಿನವರಿಗೆ ತೆರೆದಿರುವ ವೆಬ್ ಫೋಲ್ಡರ್‌ನ ಹೊರಗೆ ಇಡಬೇಕು ಎಂದು ಇನ್‌ಸ್ಟಾಲ್ ಪುಟದಲ್ಲೇ ಬರೆದಿರುತ್ತದೆ. ಅವಸರದಲ್ಲಿ ಒಳಗೇ ಇಟ್ಟೆ. ಮೂರು ತಿಂಗಳ ನಂತರ ಒಬ್ಬ ಲೇಖಕರು ಫೋನ್ ಮಾಡಿದರು. ತಮ್ಮ ಹೆಸರು ಹುಡುಕಿದರೆ ಇನ್ನೂ ಪರಿಶೀಲನೆಯಲ್ಲಿದ್ದ ಕಡತ ಗೂಗಲ್‌ನಲ್ಲಿ ತೆರೆಯುತ್ತಿದೆ ಎಂದರು. ಅಂದೇ ಸೈಟ್ ಮುಚ್ಚಿ, ಆಗ ಪರಿಶೀಲನೆಯಲ್ಲಿದ್ದ ಎಲ್ಲ ಲೇಖಕರಿಗೂ ಪತ್ರ ಬರೆದು ಕ್ಷಮೆ ಕೇಳಿದೆ. ಪತ್ರಿಕೆಯನ್ನು ನಂಬಿ ಕೊಟ್ಟ ಬರಹ ಅದು. ನೀವು ಹಾಕುವಾಗ ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಮೂರನೇ ಸಲ 3.3ರಲ್ಲಿ, ದೀರ್ಘಾವಧಿ ಬೆಂಬಲದ ಆವೃತ್ತಿ. ತಿಂಗಳಿಗೆ 650 ರೂಪಾಯಿಯ ವಿಪಿಎಸ್ (ನಮಗೇ ಬೇರೆಯಾಗಿ ಸಿಗುವ ಸರ್ವರ್ ಭಾಗ) ತಗೊಂಡೆ. ಮೇಲ್‌ಗಳು ಸ್ಪ್ಯಾಮ್‌ಗೆ ಹೋಗದಂತೆ ಎಸ್‌ಎಂಟಿಪಿ, ಎಸ್‌ಪಿಎಫ್, ಡಿಕಿಮ್, ಅಂದರೆ ಮೇಲ್ ಕಳಿಸುವ ಮತ್ತು ಅದು ನಮ್ಮದೇ ಎಂದು ಸಾಬೀತು ಮಾಡುವ ವ್ಯವಸ್ಥೆಗಳು, ಮೂರನ್ನೂ ಮೊದಲೇ ಮುಗಿಸಿದೆ. ಹಿಂದಿನ ಸಲ ಪರಿಶೀಲಕರು ಉತ್ತರ ಕೊಡುವುದಿಲ್ಲ ಎಂದು ದೂರುತ್ತಿದ್ದೆವು. ಅರ್ಧ ಜನಕ್ಕೆ ನಮ್ಮ ಮೇಲ್ ತಲುಪಿಯೇ ಇರಲಿಲ್ಲ.

ಆದರೆ ಇದು ನೆಲೆ ನಿಂತದ್ದು ಸರ್ವರ್‌ನಿಂದ ಅಲ್ಲ. ಹಿರಿಯರನ್ನು ಲಾಗಿನ್ ಆಗಿ ಎಂದು ಪೀಡಿಸುವುದನ್ನು ಬಿಟ್ಟೆ, ಅದರಿಂದ. ಆಹ್ವಾನದ ಮೇಲ್‌ನಲ್ಲೇ ನೇರ ಲಿಂಕ್ ಹೋಗುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿದೆ, ಪಾಸ್‌ವರ್ಡ್ ಬೇಡ. ಅದನ್ನು ಆನ್ ಮಾಡಿದೆ. ಅದೂ ಆಗದ ನಾಲ್ಕು ಜನ ಇದ್ದಾರೆ. ಒಬ್ಬರು ಚಿತ್ರದುರ್ಗದಲ್ಲಿ, ವಯಸ್ಸು ಎಪ್ಪತ್ತು ದಾಟಿದೆ. ಕೋಟೆಯ ಶಾಸನಗಳ ಬಗ್ಗೆ ಅವರಷ್ಟು ನಿಖರವಾಗಿ ತಪ್ಪು ಹಿಡಿಯುವವರು ನಮಗೆ ಬೇರೆ ಇಲ್ಲ. ಅವರಿಗೆ ಪ್ರಿಂಟ್ ಕಳಿಸುತ್ತೇನೆ. ಅವರು ಕೈಯಲ್ಲಿ ಬರೆದು ವಾಟ್ಸಾಪ್‌ನಲ್ಲಿ ಫೋಟೋ ಹಾಕುತ್ತಾರೆ. ಅವರ ಒಪ್ಪಿಗೆ ಪಡೆದು ಅವರ ಖಾತೆಯೊಳಗೆ ಹೋಗಿ ಟೈಪ್ ಮಾಡುತ್ತೇನೆ, ಮೂಲ ಬರಹದ ಸ್ಕ್ಯಾನನ್ನೂ ಜೊತೆಗೆ ಏರಿಸುತ್ತೇನೆ. ದಾಖಲೆ ಉಳಿಯಬೇಕು, ಅಲ್ವಾ? ಮೊದಲು ಒಂದು ಲೇಖನದ ಪರಿಶೀಲನೆಗೆ ನಾಲ್ಕು ತಿಂಗಳು ಹಿಡಿಯುತ್ತಿತ್ತು. ಈಗ ಹೆಚ್ಚುಕಡಿಮೆ 35 ದಿನ. ನೆನಪಿಸುವ ಫೋನ್‌ನಲ್ಲಿ ನಾನು ಕೇಳುವ ಒಂದು ಪ್ರಶ್ನೆ ಇದೆ, ಅದನ್ನು ಕೇಳಿದರೆ ವಾರದೊಳಗೆ ವರದಿ ಬರುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಕೇಳತೊಡಗಿದರೆ ಅದರ ಬಲ ಹೋಗುತ್ತದೆ.

ಹಳೆಯ ಸಂಚಿಕೆಗಳದ್ದು ಬೇರೆಯೇ ಕಥೆ. ಪುಟ ಕಟ್ಟುವ ಸಾಫ್ಟ್‌ವೇರ್ ಆದ ಪೇಜ್‌ಮೇಕರ್‌ನಲ್ಲಿ ಹಳೆ ನುಡಿ ಫಾಂಟ್. ಪಿಡಿಎಫ್ ಕಣ್ಣಿಗೆ ಚೆನ್ನಾಗಿದೆ, ಆದರೆ ಕಾಪಿ ಮಾಡಿದರೆ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಚುಕ್ಕಿ, ಗೀಟು. ಯಾವ ಹುಡುಕಾಟಕ್ಕೂ ಸಿಗುವುದಿಲ್ಲ. ಎಲ್ಲ ಕಡೆ ಓದಿಸಿಕೊಳ್ಳುವ ಅಕ್ಷರ ಪದ್ಧತಿಯಾದ ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಇವೆ. ಒತ್ತಕ್ಷರ ಬಹುಪಾಲು ಸರಿ ಬರುತ್ತವೆ, ಅರ್ಕಾವತ್ತು ಕೈ ಕೊಡುತ್ತದೆ. ನಮಗೆ ಜಾಸ್ತಿ ಪೆಟ್ಟು ಬಿದ್ದದ್ದು ಹಳಗನ್ನಡದ ಱ ಮತ್ತು ೞ ಅಕ್ಷರಗಳಲ್ಲಿ. ಹರಿಹರೇಶ್ವರ ದೇವಸ್ಥಾನದ ಶಾಸನಗಳ ಬಗ್ಗೆ ಒಂದು ಲೇಖನ ಇತ್ತು. ಪಾಠದಲ್ಲಿದ್ದ ೞ ಎಲ್ಲ ಕಾಣೆ. ಹಿಂದೆ ಡಿಟಿಪಿ ಮಾಡಿದವರು ಅವನ್ನು ಬೇರೆ ಫಾಂಟ್‌ನಿಂದ ತಂದು ಕೂರಿಸಿದ್ದರು. ಯಾವ ಬದಲಾವಣೆ ಮೊದಲು, ಯಾವುದು ಆಮೇಲೆ ಎಂಬ ಒಂದು ಕ್ರಮವನ್ನು ಎರಡು ಬೇಸಿಗೆ ಕೂತು ಕಂಡುಕೊಂಡೆ. ಕಡತ ಹಿಡಿದು ನೇರ ಬಂದವರಿಗೆ ತೋರಿಸುತ್ತೇನೆ.

ಮೊಳೆ ಅಚ್ಚಿನ ಕಾಲದ ಸಂಚಿಕೆಗಳನ್ನು ಚಿತ್ರದಿಂದ ಅಕ್ಷರ ಗುರುತಿಸುವ ಟೆಸೆರಾಕ್ಟ್‌ಗೆ ಕೊಟ್ಟು ನೋಡಿದೆ. ನೂರಕ್ಕೆ ಎಂಬತ್ತು ಪದ ಸರಿ ಬಂದಿರಬಹುದು. ಉಳಿದ ಇಪ್ಪತ್ತು ತಿದ್ದುವುದಕ್ಕಿಂತ ಹೊಸದಾಗಿ ಟೈಪ್ ಮಾಡುವುದೇ ಬೇಗ. ಶೀರ್ಷಿಕೆ, ಲೇಖಕರು, ಸಾರಾಂಶ ಮಾತ್ರ ಒಬ್ಬ ಎಂ.ಎ. ವಿದ್ಯಾರ್ಥಿನಿಯಿಂದ ಟೈಪ್ ಮಾಡಿಸಿ, ಪರಿಶೀಲನೆ ಹಂತ ಇಲ್ಲದೆ ನೇರ ಏರಿಸುವ ಕ್ವಿಕ್‌ಸಬ್ಮಿಟ್ ಪ್ಲಗಿನ್‌ನಲ್ಲಿ ಏರಿಸಿದೆವು. ಆಕೆಗೆ ಕೊಟ್ಟದ್ದು ಆರು ಸಾವಿರ. ಇನ್ನೂ ಹೆಚ್ಚು ಕೊಡಬೇಕಿತ್ತು.

ಡಿಒಐ, ಅಂದರೆ ಒಂದೊಂದು ಲೇಖನಕ್ಕೂ ಕೊಡುವ ಶಾಶ್ವತ ಗುರುತು ಸಂಖ್ಯೆ, ಅದರ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾನು ವಿಚಾರಿಸಿದಾಗ ಡಿಒಐ ಕೊಡುವ ಸಂಸ್ಥೆ ಕ್ರಾಸ್‌ರೆಫ್ ಸದಸ್ಯತ್ವ ವರ್ಷಕ್ಕೆ 275 ಡಾಲರ್ ಇತ್ತು. ಅದು ನಮ್ಮ ಒಂದು ಸಂಚಿಕೆ ಅಚ್ಚಿನ ದುಡ್ಡು, ಬಿಟ್ಟೆ. ಒಂದು ಸಂಚಿಕೆಯನ್ನು ಪ್ರಯೋಗಕ್ಕೆಂದು ಸಂಶೋಧನ ಕಡತಗಳ ಆನ್‌ಲೈನ್ ಭಂಡಾರ ಝೆನೋಡೊಗೆ ಹಾಕಿದೆ, ಅಲ್ಲಿ ಡಿಒಐ ಪುಕ್ಕಟೆ. ಕೆಲಸ ಮಾಡುತ್ತದೆ, ಆದರೆ ಒಂದೊಂದಾಗಿ ಏರಿಸುವುದು ಬೇಸರ. ಆನ್‌ಲೈನ್‌ಗೆ ಐಎಸ್‌ಎಸ್‌ಎನ್ (ಪತ್ರಿಕೆಯ ಗುರುತು ಸಂಖ್ಯೆ) ಬೇರೆ ಬೇಕು, ಅಚ್ಚಿನ ಸಂಖ್ಯೆ ನಡೆಯುವುದಿಲ್ಲ. ಅದನ್ನು ಕೊಡುವ ದೆಹಲಿಯ ಕೇಂದ್ರ ಅದಕ್ಕೆ ಹಣ ಕೇಳುವುದಿಲ್ಲ. ಯಾರಾದರೂ ಮಾಡಿಸಿಕೊಡುತ್ತೇವೆ ಎಂದು ದುಡ್ಡು ಕೇಳಿದರೆ ಸುಮ್ನೆ ಕೊಡಬೇಡಿ.

ಅಚ್ಚನ್ನು ನಾವು ಬಿಟ್ಟಿಲ್ಲ. 400 ಪ್ರತಿ ಇದ್ದದ್ದನ್ನು 120ಕ್ಕೆ ಇಳಿಸಿದ್ದೇವೆ, ಗ್ರಂಥಾಲಯಗಳಿಗೆ ಮತ್ತು ಕಾಗದವೇ ಬೇಕು ಎನ್ನುವವರಿಗೆ. ಅಂಚೆಯೂ ಸೇರಿ ಸಂಚಿಕೆಗೆ ಇಪ್ಪತ್ತು ಸಾವಿರದ ಹತ್ತಿರ ಉಳಿಯುತ್ತದೆ. ಲೇಖಕರಿಂದ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ, ಮುಂದೆಯೂ ಇಲ್ಲ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯ ಮಾಡಿದ ಪತ್ರಿಕೆಗಳ ಕೇರ್ ಪಟ್ಟಿಯಲ್ಲಿದ್ದೀರಾ ಎಂದು ಕೇಳಿ ಫೋನ್ ಇಡುತ್ತಿದ್ದವರು ಬಹಳ ಜನ. 2025ರಲ್ಲಿ ಯುಜಿಸಿ ಆ ಪಟ್ಟಿಯನ್ನೇ ಕೈಬಿಟ್ಟಿತು. ಈಗ ಬರುವ ಕರೆಗಳಲ್ಲಿ ಪರಿಶೀಲನೆ ಹೇಗೆ ಮಾಡುತ್ತೀರಿ ಎಂಬ ಪ್ರಶ್ನೆ ಇರುತ್ತದೆ. ಅದಕ್ಕೆ ಉತ್ತರ ನಮ್ಮ ಹತ್ತಿರ ದಿನಾಂಕ ಸಮೇತ ಇದೆ.

ಯುಗಾದಿ ಸಂಚಿಕೆಗೆ ಹದಿನಾಲ್ಕು ಲೇಖನ ಬಂದಿವೆ. ಅದು ಮುಗಿದ ಮೇಲೆ 3.5ಕ್ಕೆ ಏರಿಸಬೇಕು. ಈ ಸಲ ಬ್ಯಾಕಪ್ ತೆಗೆದು, ಬೇರೆ ಸರ್ವರ್‌ನಲ್ಲಿ ತೆರೆದು, ಕನ್ನಡ ಓದಿ ನೋಡಿದ ಮೇಲೆಯೇ ಕೈ ಹಾಕುವುದು.