ಕೋಟೆಬೆಟ್ಟದಲ್ಲಿ ಬೈಕ್ ಇಳಿಸಲು ಕಲಿತೆ

ಬೈಕ್ ಬೆಟ್ಟ ಹತ್ತಿಸುವುದನ್ನು ನಾನು ಒಂದೇ ದಿನದಲ್ಲಿ ಕಲಿತೆ. ಇಳಿಸುವುದಕ್ಕೆ ಎರಡು ಬೇಸಿಗೆ ಬೇಕಾಯಿತು.

ನಮ್ಮ ಮನೆ ಕೊಡಗಿನ ಸುಂಟಿಕೊಪ್ಪದ ಹತ್ತಿರ. ಅಲ್ಲಿಂದ ಮಾದಾಪುರ, ಹಟ್ಟಿಹೊಳೆ ಕಡೆಗೆ ಹೋದರೆ ಕೋಟೆಬೆಟ್ಟದ ದಾರಿ ಸಿಗುತ್ತದೆ. 1,600 ಮೀಟರ್‌ಗಿಂತ ಎತ್ತರದ ಬೆಟ್ಟ, ಮೇಲೆ ಈಶ್ವರನ ಗುಡಿ. ಕೆಳಗೆ ಕಾಫಿ ತೋಟಗಳ ನಡುವೆ ಟಾರು ರಸ್ತೆ ಇದೆ. ಆಮೇಲೆ ಶುರುವಾಗುವುದು ಜೀಪ್ ದಾರಿ. ಕಾಲಿಟ್ಟರೆ ಉರುಳುವ ಕಲ್ಲು, ಕೆಂಪು ಮಣ್ಣು, ನಡುವೆ ಮಳೆ ನೀರು ಕೊರೆದ ಕೊರಕಲು.

ನನ್ನದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕ್, ಬಿಎಸ್6 (ಹೊಗೆ ನಿಯಮದ) ಮಾಡೆಲ್. ಪೆಟ್ರೋಲ್ ತುಂಬಿಸಿದರೆ ಹತ್ತಿರ ಹತ್ತಿರ 200 ಕೆಜಿ. ಮುಂದಿನ ಚಕ್ರ 21 ಇಂಚು, ಹಿಂದಿನದು 17. ಮುಂದಿನ ಚಕ್ರ ಯಾಕಷ್ಟು ದೊಡ್ಡದು ಅಂತ ಟಾರು ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ತೆಂಗಿನಕಾಯಿ ಗಾತ್ರದ ಕಲ್ಲು ಎದುರಾದಾಗ ಗೊತ್ತಾಗುತ್ತದೆ. ಚಿಕ್ಕ ಚಕ್ರ ಅದಕ್ಕೆ ಗುದ್ದಿ ನಿಲ್ಲುವ ಕಡೆ ದೊಡ್ಡ ಚಕ್ರ ಹತ್ತಿ ದಾಟುತ್ತದೆ.

ಮೊದಲ ಸಲ ಹತ್ತುವಾಗ ಫುಟ್‌ರೆಸ್ಟ್ ಮೇಲೆ ನಿಂತು, ಮಂಡಿಯಿಂದ ಟ್ಯಾಂಕ್ ಒತ್ತಿ ಹಿಡಿದು, ಹ್ಯಾಂಡಲ್ ಸಡಿಲವಾಗಿ ಬಿಟ್ಟೆ. ಕಣ್ಣು ಚಕ್ರದ ಮುಂದಿನ ಕಲ್ಲಿನ ಮೇಲಲ್ಲ, ಹತ್ತಿಪ್ಪತ್ತು ಅಡಿ ಮುಂದೆ. ಫಸ್ಟ್ ಗೇರ್, ಒಂದೇ ಸಮ ಆಕ್ಸಿಲರೇಟರ್. ಇಷ್ಟು ಮಾಡಿದರೆ ಉಳಿದದ್ದನ್ನು ಬೈಕೇ ನೋಡಿಕೊಳ್ಳುತ್ತದೆ, ನಿಜವಾಗಿ.

ತೊಂದರೆ ಆಗಿದ್ದು ಅರ್ಧದಲ್ಲಿ ನಿಂತಾಗ. ಒಂದು ಕಡಿದಾದ ತಿರುವಿನಲ್ಲಿ ಹಿಂದಿನ ಚಕ್ರ ಕೊರಕಲಿಗೆ ಇಳಿಯಿತು, ಎಂಜಿನ್ ಆಫ್ ಆಯಿತು. ಊರಲ್ಲಿ ಓಡಿಸಿದ ಅಭ್ಯಾಸ ನೋಡಿ, ಕೈ ತಾನಾಗಿ ಕ್ಲಚ್ ಹಿಡಿಯಿತು, ಎಂಜಿನ್ನಿಗೂ ಹಿಂದಿನ ಚಕ್ರಕ್ಕೂ ಸಂಬಂಧ ತಪ್ಪಿತು. ಎರಡು ಕಾಲೂ ನೆಲಕ್ಕೆ ಊರಿದೆ. ಅಂದರೆ ಹಿಂದಿನ ಬ್ರೇಕ್ ಒತ್ತಲು ಕಾಲೇ ಇಲ್ಲ. ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದೆ. ಆದರೂ ಬೈಕ್ ಹಿಂದಕ್ಕೆ ಜಾರತೊಡಗಿತು. ಏರಿನಲ್ಲಿ ಭಾರವೆಲ್ಲ ಹಿಂದಿನ ಚಕ್ರದ ಮೇಲಿರುತ್ತದೆ. ಮುಂದಿನ ಟಯರ್ ಹಗುರ, ಲಾಕ್ ಆದರೂ ಪುಡಿಗಲ್ಲಿನ ಮೇಲೆ ಹಾಗೇ ಜಾರುತ್ತದೆ. ಹ್ಯಾಂಡಲ್ ತಿರುಗಿ ಬೈಕ್ ಎಡಕ್ಕೆ, ಇಳಿಜಾರಿನ ಕಡೆಗೆ ಮಲಗಿತು. ಕಾಲು ಸಮಯಕ್ಕೆ ಸರಿಯಾಗಿ ಹೊರಗೆ ಬಂತು.

ಮೇಲಿಂದ ಬರುತ್ತಿದ್ದ ಜೀಪಿನವರು ನಿಲ್ಲಿಸಿ ಇಳಿದು ಬಂದರು. ಎತ್ತಲು ಹೋದ ನನ್ನನ್ನು ತಡೆದು, ಮೊದಲು ಬೈಕನ್ನು ನೆಲದ ಮೇಲೇ ತಿರುಗಿಸಿ, ಚಕ್ರ ಎರಡೂ ಇಳಿಜಾರಿನ ಕಡೆ ಬರುವ ಹಾಗೆ ಮಾಡಿದರು. ಆಗ ಅರ್ಧ ಶ್ರಮದಲ್ಲಿ ಬೈಕ್ ಎದ್ದಿತು. ಆಮೇಲೆ ಅವರು ಹೇಳಿದ ಒಂದು ಮಾತು ನನಗೆ ಇವತ್ತಿಗೂ ಉಪಯೋಗಕ್ಕೆ ಬರುತ್ತಿದೆ.

"ಆಫ್ ಆದ್ರೆ ಕ್ಲಚ್ ಬಿಟ್ಬಿಡಿ ಅಣ್ಣ. ಗೇರಲ್ಲೇ ಇರ್ಲಿ. ಎಂಜಿನ್ನೇ ಹಿಡ್ಕೊಳ್ತದೆ."

ಎಷ್ಟು ಸರಳ ಅಲ್ವಾ? ಆಫ್ ಆದ ಎಂಜಿನ್, ಫಸ್ಟ್ ಗೇರ್, ಬಿಟ್ಟ ಕ್ಲಚ್. ಹಿಂದಿನ ಚಕ್ರಕ್ಕೆ ಉರುಳಲು ದಾರಿಯೇ ಇಲ್ಲ. ಭಾರ ಇರುವ ಚಕ್ರವೇ ಬ್ರೇಕ್ ಆಗುತ್ತದೆ. ಹಿಂದಕ್ಕೆ ಬರಬೇಕಾದರೆ ಕ್ಲಚ್ ಸ್ವಲ್ಪ ಸ್ವಲ್ಪವೇ ಒತ್ತಿ ಬಿಡಬೇಕು. ಪ್ರತಿ ಸಲ ಒಂದು ಗೇಣು ಹಿಂದೆ ಸರಿದು ನಿಲ್ಲುತ್ತದೆ. ಹೀಗೇ ಹಿಂದಿನ ಚಕ್ರವನ್ನು ಗುಡ್ಡದ ಬದಿಗೆ ತಿರುಗಿಸಿಕೊಂಡು ಬಂದರೆ ಬೈಕ್ ದಾರಿಗೆ ಅಡ್ಡ ನಿಲ್ಲುತ್ತದೆ. ಅಲ್ಲಿಂದ ಕೆಳಗೆ ತಿರುಗಿಸುವುದು ಸುಲಭ. ಆ ದಿನ ನಾನು ತುದಿಗೆ ಹೋಗಲಿಲ್ಲ.

ಮನೆಗೆ ಬಂದು ಚಿಕ್ಕಪ್ಪನಿಗೆ ಹೇಳಿದೆ. ಅವರು, "ನಾನು ಪಿಕಪ್‌ನಲ್ಲಿ ಗೊಬ್ಬರ ತುಂಬ್ಕೊಂಡು ತೋಟಕ್ಕೆ ಇಳಿಯುವಾಗ ಕ್ಲಚ್ ಮುಟ್ಟೋದೇ ಇಲ್ಲ ಮಗ" ಅಂದರು. ಅದೇ ಮಾತು! ಅವರ ತೋಟದಲ್ಲಿ ಕಾಫಿ ಒಣಗಿಸುವ ಕಣದಿಂದ ಕೆರೆಗೆ ಇಳಿಯುವ ಒಂದು ದಾರಿ ಇದೆ. ಉದ್ದ ಜಾಸ್ತಿ ಇಲ್ಲ, ಆದರೆ ಕಡಿದು. ಆ ಬೇಸಿಗೆ ಪೂರ್ತಿ ಭಾನುವಾರ ಬೆಳಿಗ್ಗೆ ನಾನು ಅಲ್ಲೇ ಇರುತ್ತಿದ್ದೆ.

ಇಳಿಯುವಾಗ ನಾನು ಮಾಡುವುದು ಹೀಗೆ. ಮೇಲೆ ನಿಂತು ಫಸ್ಟ್ ಗೇರ್ ಹಾಕಿ ಕ್ಲಚ್ ಪೂರ್ತಿ ಬಿಡುತ್ತೇನೆ. ಆ ಮೇಲೆ ಎಡಗೈ ಬೆರಳು ಕ್ಲಚ್ ಲಿವರ್ ಮೇಲೆ ಇರುವುದೇ ಇಲ್ಲ. ಹೆದರಿಕೆಯಾದಾಗ ಕೈ ಅದನ್ನೇ ಹುಡುಕುತ್ತದೆ, ಒತ್ತಿದ ಕ್ಷಣ ಎಂಜಿನ್ ಹಿಡಿತ ತಪ್ಪಿ ಬೈಕ್ ಮುನ್ನುಗ್ಗುತ್ತದೆ. ಫುಟ್‌ರೆಸ್ಟ್ ಮೇಲೆ ನಿಂತು ಸೊಂಟ ಹಿಂದಕ್ಕೆ, ಮಂಡಿ ಟ್ಯಾಂಕಿಗೆ. ಮೈ ಭಾರ ಕಾಲಿನ ಮೇಲಿರಬೇಕು, ಅಂಗೈ ಮೇಲಲ್ಲ. ಮುಂದಿನ ಬ್ರೇಕಿಗೆ ಒಂದೇ ಬೆರಳು. ಅದನ್ನು ಎಳೆಯುವುದಲ್ಲ, ಹಣ್ಣು ಹಿಂಡಿದ ಹಾಗೆ ನಿಧಾನಕ್ಕೆ ಒತ್ತುವುದು. ಇಳಿಜಾರಿನಲ್ಲಿ ಭಾರ ಮುಂದಿನ ಚಕ್ರಕ್ಕೆ ಬಂದಿರುತ್ತದೆ, ಹಾಗಾಗಿ ಈಗ ಮುಂದಿನ ಬ್ರೇಕೇ ಕೆಲಸ ಮಾಡುವುದು. ಆದರೆ ಹ್ಯಾಂಡಲ್ ತಿರುಗಿದಾಗ ಅದನ್ನು ಒತ್ತಬಾರದು. ತಿರುವಿಗೆ ಮುಂಚೆಯೇ ವೇಗ ಇಳಿಸಿಕೊಳ್ಳಬೇಕು.

ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ ಎಬಿಎಸ್. ಹಿಂದಿನ ಚಕ್ರದ ಎಬಿಎಸ್ ಆಫ್ ಮಾಡುವ ಸ್ವಿಚ್ ನನ್ನ ಬೈಕಿನಲ್ಲಿದೆ. ಜೀಪ್ ದಾರಿ ಸಿಕ್ಕ ಕೂಡಲೇ ಅದನ್ನು ಒತ್ತುತ್ತೇನೆ. ಪುಡಿಗಲ್ಲಿನ ಮೇಲೆ ಎಬಿಎಸ್ ಪದೇ ಪದೇ ಬ್ರೇಕ್ ಬಿಡುತ್ತದೆ, ಬೈಕ್ ನಿಲ್ಲುವುದೇ ಇಲ್ಲವೇನೋ ಅನ್ನಿಸುತ್ತದೆ. ಆಫ್ ಮಾಡಿದರೆ ಹಿಂದಿನ ಚಕ್ರ ಸ್ವಲ್ಪ ಎಳೆದಾಡುತ್ತದೆ, ಅಕ್ಕಪಕ್ಕ ಸರಿಯುತ್ತದೆ. ಮೊದಮೊದಲು ಎದೆ ಝಲ್ಲೆನ್ನುತ್ತದೆ. ಮುಂದಿನ ಚಕ್ರ ನೇರ ಇದ್ದರೆ ಹಿಂದಿನದು ಅದರ ಹಿಂದೆಯೇ ಬರುತ್ತದೆ.

ಟಯರ್ ಗಾಳಿಯ ವಿಷಯದಲ್ಲಿ ಒಂದು ತಪ್ಪು ಮಾಡಿದೆ. ರಸ್ತೆಯಲ್ಲಿ ಮುಂದೆ 25, ಹಿಂದೆ 32 ಪಿಎಸ್‌ಐ ಇಡುತ್ತೇನೆ. ಕಲ್ಲು ದಾರಿಗೆ ಕಮ್ಮಿ ಮಾಡಿದರೆ ಹಿಡಿತ ಜಾಸ್ತಿ. ಇನ್ನೂ ಹಿಡಿತ ಸಿಗಲಿ ಅಂತ ಒಂದು ಸಲ 14ಕ್ಕೆ ಇಳಿಸಿದೆ. ಇದು ಟ್ಯೂಬ್ ಇರುವ ಟಯರ್. ಚೂಪು ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿತು. ಬಿಚ್ಚಿ ನೋಡಿದರೆ ಅಕ್ಕಪಕ್ಕ ಎರಡು ತೂತು, ಹಾವು ಕಚ್ಚಿದ ಹಾಗೆ. ಸಿಲ್ವರ್ ಓಕ್ ಮರದ ಕೆಳಗೆ ಕೂತು ಟ್ಯೂಬ್ ಬದಲಿಸಿದೆ. ಈಗ ಮುಂದೆ 18, ಹಿಂದೆ 22ಕ್ಕಿಂತ ಕೆಳಗೆ ಇಳಿಸುವುದಿಲ್ಲ. ಬ್ಯಾಗಿನಲ್ಲಿ 21 ಇಂಚಿನ ಟ್ಯೂಬ್, ಟಯರ್ ಲಿವರ್, ಸ್ಪ್ಯಾನರ್, ಪಂಪ್ ಇದ್ದೇ ಇರುತ್ತವೆ. ಕಷ್ಟಕಾಲಕ್ಕೆ ಆ ಟ್ಯೂಬನ್ನೇ ಹಿಂದಿನ ಚಕ್ರಕ್ಕೂ ತುರುಕಿ ಮನೆ ಸೇರಬಹುದು.

ಯಾವಾಗ ಹೋಗಬೇಕು ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿದ್ದ ಮಾರನೇ ದಿನ. ಧೂಳು ಕೂತಿರುತ್ತದೆ, ಮಣ್ಣು ಟಯರನ್ನು ಹಿಡಿಯುತ್ತದೆ, ಒಂದು ವಾರ, ಹತ್ತು ದಿನ ಕಳೆದು ಹೋದರೆ ತೋಟ ಪೂರ್ತಿ ಬೆಳ್ಳಗೆ, ಕಾಫಿ ಹೂವಿನ ಪರಿಮಳ. ಡಿಸೆಂಬರ್‌ನಿಂದ ಕಾಫಿ ಕೊಯ್ಲಿನ ಸಮಯ. ಆಗ ತೋಟದ ದಾರಿಯಲ್ಲಿ ಚೀಲ ಹೊತ್ತವರು, ಟ್ರ್ಯಾಕ್ಟರ್ ಇರುತ್ತವೆ. ನಿಲ್ಲಿಸಿ ಅವರಿಗೆ ದಾರಿ ಬಿಡಬೇಕು. ಅದು ಅವರ ಕೆಲಸದ ಜಾಗ.

ಮಳೆಗಾಲದಲ್ಲಿ ನಾನು ಹೋಗುವುದಿಲ್ಲ. ಪಾಚಿಗೋ ಜಿಗಣೆಗೋ ಹೆದರಿ ಅಲ್ಲ. 2018ರ ಆಗಸ್ಟ್‌ನಲ್ಲಿ ಹಟ್ಟಿಹೊಳೆ, ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡ ಜರಿದು ಮನೆ, ತೋಟ ಹೋಗಿದ್ದು ನಮ್ಮ ಕಣ್ಣೆದುರಿಗೇ. ಹಸಿ ಮಣ್ಣಿನ ಮೇಲೆ ನಮ್ಮ ಚಕ್ರ ಎಳೆದ ಗೆರೆಯಲ್ಲೇ ಮುಂದಿನ ಮಳೆಯ ನೀರು ಹರಿಯುತ್ತದೆ, ಗೆರೆ ಕೊರಕಲಾಗುತ್ತದೆ. ಕೊರಕಲು ಕಷ್ಟ ಅಂತ ಪಕ್ಕದ ಹುಲ್ಲಿನ ಮೇಲೆ ಹತ್ತಿಸುವವರನ್ನು ಕಂಡರೆ ನನಗೆ ತುಂಬಾ ಬೇಜಾರಾಗುತ್ತದೆ. ಕೊರಕಲಲ್ಲೇ ಓಡಿಸಲು ಕಲಿಯಿರಿ. ಆಗದಿದ್ದರೆ ಬೈಕ್ ಅಲ್ಲೇ ನಿಲ್ಲಿಸಿ ನಡೆದು ಹೋಗಿ, ಬೆಟ್ಟ ಚೆನ್ನಾಗಿಯೇ ಕಾಣುತ್ತದೆ.

ಎರಡನೇ ಬೇಸಿಗೆಯಲ್ಲಿ ತುದಿಯ ತನಕ ಹೋಗಿ ವಾಪಸ್ ಬರುತ್ತಾ, ಮೊದಲು ಬಿದ್ದಿದ್ದ ಅದೇ ತಿರುವಿನಲ್ಲಿ ಬೇಕಂತಲೇ ನಿಲ್ಲಿಸಿದೆ. ಎಂಜಿನ್ ಆಫ್ ಮಾಡಿ, ಫಸ್ಟ್ ಗೇರಿನಲ್ಲಿ ಕ್ಲಚ್ ಬಿಟ್ಟು, ಬ್ರೇಕಿನಿಂದಲೂ ನಿಧಾನಕ್ಕೆ ಬೆರಳು ತೆಗೆದೆ. ಬೈಕ್ ಒಂದಿಂಚು ಮುಂದೆ ಸರಿದು ನಿಂತಿತು. ಚೈನ್ ಬಿಗಿಯಾದ ಸಣ್ಣ ಸದ್ದು ಕೇಳಿಸಿತು. ಎರಡೂ ಕೈ ಬಿಟ್ಟು ಗ್ಲೌಸ್ ತೆಗೆದು ನೀರು ಕುಡಿದೆ. ಆಮೇಲೆ ಸ್ಟಾರ್ಟ್ ಮಾಡಿ ನಡೆಯುವ ವೇಗದಲ್ಲಿ ಇಳಿದು ಬಂದೆ. ಮಾದಾಪುರದಲ್ಲಿ ನಿಲ್ಲಿಸಿ ಗಾಳಿ ತುಂಬಿಸಿದೆ, ಮುಂದೆ 25, ಹಿಂದೆ 32.